ಮೂವತ್ತೆಂಟು ಸೆಕೆಂಡು ಬಾಕಿಯಿದ್ದಾಗ ನಡೆದ ಉದ್ಘಾಟನೆ

ಟೆಕ್ನಿಕಲ್ ಫೌಲ್ ಆದ ಮೇಲೆ ಬಾಸ್ಕೆಟ್‌ಬಾಲ್ ಆಟವನ್ನು ಮತ್ತೆ ಶುರು ಮಾಡುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಕಿಲ್ಲ. ಯಾರ ಮೇಲೆ ಫೌಲ್ ಬಿತ್ತೋ ಅವರ ಎದುರಾಳಿಗೆ ಒಂದು ಫ್ರೀ ಥ್ರೋ, ಎಂದರೆ ಯಾರೂ ಅಡ್ಡ ಬರದ ಹಾಗೆ ಬುಟ್ಟಿಗೆ ಒಂದು ಎಸೆತ, ಬಿದ್ದರೆ ಒಂದು ಪಾಯಿಂಟ್. ಅದು ಬುಟ್ಟಿಗೆ ಬೀಳಲಿ, ಬೀಳದಿರಲಿ, ಆಟ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಬೇಕು. ಆಗ ಚೆಂಡು ಯಾರ ಕೈಲಿತ್ತೋ ಅವರಿಗೇ ಗೆರೆಯಾಚೆಯಿಂದ ಒಳಕ್ಕೆ ಎಸೆಯಲು ಕೊಡಬೇಕು. ಇಷ್ಟೇ. ಅಡ್ಡಿ ಮಾಡಿದವರಿಗೆ ದಂಡ, ಆಡುತ್ತಿದ್ದವರಿಗೆ ಅವರ ಚೆಂಡು. ಜಗಲಿಯ ಮೇಲೆ ಚೌಕಾಬಾರ ಆಡುವ ಅಜ್ಜಿಯರಿಗೂ ಅರ್ಥವಾಗುವ ನ್ಯಾಯ.

ನಾನು ಚಾಮರಾಜನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ರೆಫರಿ ಪರೀಕ್ಷೆ ಪಾಸು ಮಾಡಿಕೊಂಡು, ಬೂದು ಬಣ್ಣದ ಅಂಗಿ ತೊಟ್ಟು, ಜಿಲ್ಲೆಯಲ್ಲಿ ಎಲ್ಲಿ ಪಂದ್ಯ ನಡೆದರೂ ಸೀಟಿ ಕೊರಳಿಗೆ ಹಾಕಿಕೊಂಡು ಹೋಗುತ್ತಿದ್ದವನು. ಈ ನಿಯಮ ಬದಲಾಗುತ್ತ ಬಂದದ್ದನ್ನೆಲ್ಲ ಕಂಡಿದ್ದೇನೆ. ಮೊದಲು ಎರಡು ಫ್ರೀ ಥ್ರೋ, ಅದರ ಮೇಲೆ ಮಧ್ಯದ ಗೆರೆಯಿಂದ ಚೆಂಡೂ ಅವರಿಗೇ. ಆಮೇಲೆ ಫ್ರೀ ಥ್ರೋ ಒಂದಕ್ಕಿಳಿಯಿತು. ಈಗ ಆಟ ನಿಂತ ಕಡೆಯಿಂದಲೇ ಮುಂದುವರಿಕೆ. ಬದಲಾದಾಗಲೆಲ್ಲ ಹೊಸ ನಿಯಮವನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಳ್ಳುತ್ತಿದ್ದೆ. ಬೇರೆ ಶಾಲೆಗಳ ಮೇಷ್ಟ್ರುಗಳು ಅನುಮಾನ ಬಂದರೆ ನನಗೆ ಫೋನ್ ಮಾಡುತ್ತಿದ್ದರು. "ನಿಮ್ಮುನ್ ಕೇಳುದ್ರೆ ಪುಸ್ತಕ ನೋಡ್ದಂಗೆ ಸಾ" ಎನ್ನುತ್ತಿದ್ದರು. ಆ ಮಾತಿಗೆ ನಾನು ಉಬ್ಬುತ್ತಿದ್ದೆನಲ್ಲ, ಅದನ್ನು ನೆನೆದರೆ ಈಗ ಮೈ ಹಿಡಿಯಷ್ಟಾಗುತ್ತದೆ.

ಪುಸ್ತಕದಲ್ಲಿ ಇಲ್ಲದ್ದು ಒಂದಿದೆ. ಅದು ಉದ್ಘಾಟನೆ. ನಮ್ಮ ಕಡೆ ಯಾವ ಆಟವೂ ಉದ್ಘಾಟನೆಯಾಗದೆ ಆಟ ಎನ್ನಿಸಿಕೊಳ್ಳುವುದಿಲ್ಲ. ಕಬಡ್ಡಿಯಾದರೆ ಅತಿಥಿಗಳು ಬಿಳಿ ಪಂಚೆ ಎತ್ತಿ ಕಟ್ಟಿ ಎರಡು ಹೆಜ್ಜೆ ಒಳಗಿಡುತ್ತಾರೆ, ಮಕ್ಕಳು ತಾವೇ ಹೋಗಿ ಅವರ ಕೈಗೆ ತಗುಲಿ ಔಟಾಗುತ್ತಾರೆ. ಕ್ರಿಕೆಟ್ಟಾದರೆ ಮೇಷ್ಟ್ರೊಬ್ಬರು ಮೆಲ್ಲಗೆ ಚೆಂಡು ಉರುಳಿಸುತ್ತಾರೆ, ಮೂರನೆಯದೋ ನಾಲ್ಕನೆಯದೋ ಬ್ಯಾಟಿಗೆ ತಾಗುತ್ತದೆ, ಚಪ್ಪಾಳೆ. ಬಾಸ್ಕೆಟ್‌ಬಾಲ್‌ನಲ್ಲಿ ಅವರು ನಡುವಿನ ವೃತ್ತದಲ್ಲಿ ನಿಂತು ಚೆಂಡನ್ನು ಮೇಲಕ್ಕೆ ಎಸೆಯಬೇಕು. ಎರಡೂ ಕಡೆಯ ಒಬ್ಬೊಬ್ಬರು ಹಾರುವ ಹಾಗೆ ನಟಿಸುತ್ತಾರೆ. ಫೋಟೋ ಆದ ಮೇಲೆ ಅವರು ಕುರ್ಚಿಗೆ ಹೋಗುತ್ತಾರೆ, ನಾವು ಮತ್ತೆ ಸರಿಯಾಗಿ ಎಸೆದು ಆಟ ಶುರು ಮಾಡುತ್ತೇವೆ. ಈ ನಟನೆಯನ್ನು ವರ್ಷಗಟ್ಟಲೆ ನೋಡಿದ್ದೇನೆ. ಬೆಳಗ್ಗೆ ಎಂಟಕ್ಕೆ ಬಂದ ಮಕ್ಕಳು ಹನ್ನೆರಡರ ಬಿಸಿಲಿನ ತನಕ ಸಾಲಾಗಿ ಕೂತಿರುತ್ತಿದ್ದರು. ಹೇಸಿಗೆಯಾಗುತ್ತಿತ್ತು. ಆದರೆ ನಾನೂ ಆ ಸಾಲಿನ ತುದಿಯಲ್ಲಿ ಕೈಕಟ್ಟಿ ನಿಂತವನೇ.

ನಾನು ಹೇಳಹೊರಟ ಉದ್ಘಾಟನೆ ನಡೆದ ವರ್ಷ ಗುಂಡ್ಲುಪೇಟೆಯ ತಾಲ್ಲೂಕು ಪಂದ್ಯಗಳಿಗೂ ನಾನೇ ರೆಫರಿ. ಅಲ್ಲಿನ ಕೋರ್ಟಿನಲ್ಲಿ ಯಾರೋ ಅರಿಶಿನ ಬೇಯಿಸಿ ಒಣಗಲು ಹರವಿದ್ದರು. ಗುಡಿಸಿ ತೆಗೆಸುವಷ್ಟರಲ್ಲಿ ಗಂಟೆ ಹತ್ತಾಯಿತು. ಚೆಂಡೆಲ್ಲ ಹಳದಿ, ಮಕ್ಕಳ ಅಂಗೈಯೆಲ್ಲ ಹಳದಿ. ಆ ಕೋರ್ಟಿನಲ್ಲಿ ಭೀಮನಬೀಡು ಕಡೆಯ ಒಂದು ಹಳ್ಳಿಶಾಲೆಯ ಹುಡುಗಿಯರು ಆಡಿದ್ದನ್ನು ನೋಡಿ ನಾನು ಸೀಟಿ ಊದುವುದನ್ನೇ ಒಂದೆರಡು ಸಲ ಮರೆತೆ. ಅವರ ಶಾಲೆಗೆ ಪಿ.ಟಿ. ಮೇಷ್ಟ್ರೇ ಇರಲಿಲ್ಲ. ಲೆಕ್ಕದ ಮೇಡಂ ಒಬ್ಬರು ಫೋನಿನಲ್ಲಿ ವಿಡಿಯೋ ನೋಡಿ, ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಕಂಬಕ್ಕೆ ಕಬ್ಬಿಣದ ಬಳೆ ಕಟ್ಟಿಸಿ ಕಲಿಸಿದ್ದರಂತೆ. ತಂಡದ ನಾಯಕಿ ಹತ್ತನೇ ಕ್ಲಾಸಿನವಳು, ಕುಳ್ಳಗಿದ್ದಳು. ಚೆಂಡನ್ನು ನೆಲಕ್ಕೆ ಅಂಟಿಸಿಕೊಂಡ ಹಾಗೆ ತಟ್ಟುತ್ತ ಎತ್ತರದ ಹುಡುಗಿಯರ ಕಾಲ ಸಂದಿಯಲ್ಲೇ ನುಗ್ಗಿಹೋಗುತ್ತಿದ್ದಳು. ತಾಲ್ಲೂಕಿನಲ್ಲಿ ಗೆದ್ದರು.

ಆವತ್ತು ಮೇಡಂ ನನ್ನ ಹತ್ತಿರ ಬಂದು ಒಂದು ಮಾತು ಕೇಳಿದರು. ಜಿಲ್ಲೆಯಲ್ಲೂ ಗೆದ್ದರೆ ಮೈಸೂರಿನ ವಿಭಾಗ ಮಟ್ಟಕ್ಕೆ ಹೋಗಬಹುದಲ್ಲ, ಅಲ್ಲಿ ಕ್ರೀಡಾ ಹಾಸ್ಟೆಲ್‌ನವರು ಬಂದು ನೋಡುತ್ತಾರೆ ಎನ್ನುವುದು ನಿಜವೇ ಎಂದು. ನಿಜ ಎಂದೆ. "ಹಾಗಾದ್ರೆ ನಮ್ಮ ಕ್ಯಾಪ್ಟನ್ ಹುಡುಗಿಗೆ ಸೀಟು ಸಿಗುತ್ತೆ ಅಲ್ವಾ ಸಾರ್? ಸಿಕ್ರೆ ಓದಿಸ್ತೀವಿ, ಇಲ್ದಿದ್ರೆ ಹತ್ತಕ್ಕೆ ಸಾಕು ಅಂದವ್ರೆ ಅವರ ಮನೇಲಿ" ಎಂದರು. ಖಂಡಿತ ಸಿಗುತ್ತದೆ ಎಂದು ನಾನು ಹೇಳಿದೆ. ನನಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

ಜಿಲ್ಲಾ ಫೈನಲ್ ಚಾಮರಾಜನಗರದ ಒಂದು ದೊಡ್ಡ ಶಾಲೆಯ ಕೋರ್ಟಿನಲ್ಲಿ. ಎದುರಾಳಿಗಳೂ ಆ ಶಾಲೆಯವರೇ. ಅವರ ಕೋಚೇ ಪಂದ್ಯಾವಳಿಯ ಸಂಘಟಕ, ಮೈಕು ಹಿಡಿದ ನಿರೂಪಕನೂ ಅವನೇ. ನನಗೆ ಇಪ್ಪತ್ತು ವರ್ಷದ ಪರಿಚಯ, ಒಂದೇ ತಟ್ಟೆಯಲ್ಲಿ ತಿಂದವರು. ಬೆಳಗ್ಗಿನಿಂದ ಅವನು ಅತಿಥಿಗಳಿಗೆ ಕಾದ. ಯಾವ ಅತಿಥಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ತಪ್ಪೆಲ್ಲ ಅವರೊಬ್ಬರದೇ ಎಂದು ನೀವು ಸಮಾಧಾನ ಮಾಡಿಕೊಳ್ಳುತ್ತೀರಿ. ಮಧ್ಯಾಹ್ನ ಮೂರಾದರೂ ಅವರು ಬರಲಿಲ್ಲ. ಗುಂಡ್ಲುಪೇಟೆ ಕಡೆಯ ಮಕ್ಕಳಿಗೆ ಬಸ್ಸು ತಪ್ಪುತ್ತದೆ ಎಂದು ನಾನು ಗದರಿದ ಮೇಲೆ ಉದ್ಘಾಟನೆಯಿಲ್ಲದೆ ಫೈನಲ್ ಶುರುವಾಯಿತು. ಅವನು ಮಾತ್ರ ಆಟದುದ್ದಕ್ಕೂ ಬೆಂಚಿನ ಮೇಲೆ ಫೋನ್ ಕಿವಿಗಿಟ್ಟುಕೊಂಡೇ ಕೂತಿದ್ದ. ಅವನ ಹುಡುಗಿಯರು ಬಿದ್ದರೂ ಎದ್ದರೂ ಅವನ ಕಣ್ಣು ಗೇಟಿನ ಮೇಲೆ.

ಕೊನೆಯ ಕ್ವಾರ್ಟರಿನಲ್ಲಿ ಮೂವತ್ತೆಂಟು ಸೆಕೆಂಡು ಉಳಿದಿತ್ತು. ಎರಡೂ ಕಡೆ ಇಪ್ಪತ್ತೊಂಬತ್ತು. ಚೆಂಡು ಕುಳ್ಳಿಯ ಕೈಲಿ, ಎಡಗಡೆಯ ಗೆರೆಯ ಹತ್ತಿರ. ಆಗ ಗೇಟಿನೊಳಗೆ ಕಾರು ಬಂತು. ಸಂಘಟಕ ಎದ್ದವನೇ ಎರಡೂ ಕೈ ಎತ್ತಿಕೊಂಡು ಕೋರ್ಟಿನ ಮಧ್ಯಕ್ಕೆ ಓಡಿಬಂದ.

"ನಿಲ್ಸಿ, ನಿಲ್ಸಿ! ಸಾಯೇಬ್ರು ಬಂದವ್ರೆ, ಆಟ ನಿಲ್ಸಿ!"

ನಾನು ಸೀಟಿ ಊದಿದೆ. ಒಂದು ಅಂಗೈಯ ಮೇಲೆ ಇನ್ನೊಂದು ಕೈಯ ಬೆರಳು ಚುಚ್ಚಿ ಹಿಡಿದು ಟೆಕ್ನಿಕಲ್ ಫೌಲ್ ತೋರಿಸಿದೆ. ಆಟ ನಡೆಯುತ್ತಿರುವಾಗ ಕೋಚು ಕೋರ್ಟಿಗೆ ನುಗ್ಗುವ ಹಾಗಿಲ್ಲ. ಅವನು ಹಲ್ಲು ಕಿರಿದು, "ಕೊಟ್ಕಳಿ ಸಾ ಒಂದ್ ಫ್ರೀ ಥ್ರೋ, ಅದ್ಕೇನೀಗ" ಎಂದು ಕಾರಿನ ಕಡೆಗೆ ಓಡಿದ. ನನಗೆ ಎದೆ ಉಬ್ಬಿತ್ತು, ಸುಳ್ಳು ಹೇಳುವುದಿಲ್ಲ. ಇಪ್ಪತ್ತು ವರ್ಷದ ಸ್ನೇಹಿತನಿಗೆ ಫೌಲ್ ಕೊಟ್ಟೆ ನೋಡಿ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಕುಳ್ಳಿ ಬಂದು ನಿಂತಳು, ಮೂರು ಸಲ ಚೆಂಡು ತಟ್ಟಿದಳು, ಎಸೆದಳು. ಒಳಗೆ. ಮೂವತ್ತು, ಇಪ್ಪತ್ತೊಂಬತ್ತು. ಇನ್ನು ಚೆಂಡನ್ನು ಎಡಗಡೆಯ ಗೆರೆಯಿಂದ ಅವರಿಗೇ ಕೊಡಬೇಕು. ಮೂವತ್ತೆಂಟು ಸೆಕೆಂಡು ಚೆಂಡು ಕಾಪಾಡಿಕೊಂಡರೆ ಅವರು ಮೈಸೂರಿಗೆ ಹೋದ ಹಾಗೆ. ಇಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಎನ್ನುವ ಶಾಟ್ ಕ್ಲಾಕು ಗೀಕು ನಮ್ಮ ಜಿಲ್ಲೆಯಲ್ಲಿ ಯಾರೂ ಕಂಡಿಲ್ಲ, ಹಿಡಿದುಕೊಂಡೇ ಇದ್ದರೂ ಕೇಳುವವರಿಲ್ಲ. ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನಾನು ಗೆರೆಯತ್ತ ನಡೆದೆ.

ಅಷ್ಟರಲ್ಲಿ ಹಾರ ಹಾಕಿಸಿಕೊಂಡ ಅತಿಥಿಗಳನ್ನು ಕೋರ್ಟಿನ ನಡುವಿಗೇ ಕರೆತಂದಿದ್ದರು. ಹಿಂದೆ ಹತ್ತಿಪ್ಪತ್ತು ಜನ, ಎಲ್ಲರ ಚಪ್ಪಲಿಯಲ್ಲೂ ಕೆಸರು. ಒಬ್ಬ ಬುಟ್ಟಿಯ ಕಂಬದ ಬುಡಕ್ಕೆ ಎಲೆಅಡಿಕೆ ಉಗಿದ. ಸಂಘಟಕ ಮೈಕಿನಲ್ಲಿ, "ಈಗ ಪ್ರಾರ್ಥನೆ. ಲೆಕ್ಕದ ಮೇಡಮ್ಮೋರು ಚೆನ್ನಾಗಿ ಹಾಡ್ತಾರೆ ಅಂತ ಕೇಳಿದ್ದೀವಿ, ದಯವಿಟ್ಟು ವೇದಿಕೆಗೆ ಬರಬೇಕು" ಎಂದ. ಆ ಮೇಡಂ ತಮ್ಮ ಹುಡುಗಿಯರನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕರೆದದ್ದಕ್ಕೆ ಓಡುತ್ತ ವೇದಿಕೆ ಹತ್ತಿದರು. ನಿಯಮ ಗೊತ್ತಿದ್ದ ಒಬ್ಬರೂ ಹೀಗೆ ಕೋರ್ಟಿನಿಂದ ಆಚೆಗಾದರು.

ಅತಿಥಿಗಳಿಗಾದರೂ ಸ್ವಲ್ಪ ಬುದ್ಧಿಯಿತ್ತು. "ಆಟ ನಡೀತಿತ್ತಲ್ವಾ? ಮುಗಿಸ್ಕಳಿ, ನಾನು ಕೂತ್ಕಂಡು ನೋಡ್ತೀನಿ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

"ಎಲ್ಲಾದ್ರೂ ಉಂಟಾ ಸಾರ್! ತಮ್ಮ ಕೈಯಿಂದ್ಲೇ ಬಾಲ್ ಎಸೀಬೇಕು. ಬೆಳಿಗ್ಗಿಂದ ಕಾಯ್ತಾವೆ ಮಕ್ಳು" ಎಂದ ಸಂಘಟಕ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಒಂದ್ ಫೋಟೋ ಸಾ, ಅಷ್ಟೆಯಾ. ಎಸ್ದ್ಬುಡ್ಲಿ, ಆಮ್ಯಾಕೆ ನಿಮ್ ರೂಲ್ಸ್ ಏನದೋ ಅಂಗ್ ಮಾಡ್ಕಳಿ" ಎಂದ.

ಮೇಲಕ್ಕೆ ಎಸೆಯುವುದು ಆಟದ ಆರಂಭಕ್ಕೆ. ಟೆಕ್ನಿಕಲ್ ಫೌಲ್ ಆದ ಮೇಲೆ ಅದಕ್ಕೆ ಜಾಗವೇ ಇಲ್ಲ. ಹಳೆಯ ನಿಯಮ ಹಿಡಿದರೂ ಚೆಂಡು ಆ ಹುಡುಗಿಯರದು, ಹೊಸ ನಿಯಮ ಹಿಡಿದರೂ ಅವರದೇ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ನಾನು ಕುಳ್ಳಿಯನ್ನು ಕರೆದು ಹೇಳಿದೆ: "ಫೋಟೋಗೆ ಕಣಮ್ಮಿ, ಸುಮ್ನೆ ನಿಂತ್ಕಳಿ. ಆಮೇಲೆ ಬಾಲ್ ನಿಮ್ದೇ." ಅವಳು ಸರಿ ಸಾ ಎಂದು ತನ್ನವರಿಗೂ ಹೇಳಿದಳು. ಐದೂ ಜನ ಅಂಗಿ ಸರಿಮಾಡಿಕೊಂಡು ಕ್ಯಾಮೆರಾ ಕಡೆ ತಿರುಗಿ ಕೈಮುಗಿದು ನಿಂತರು.

ಕಂಕುಳಲ್ಲಿದ್ದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಗ್ಗಿ, ಅತಿಥಿಗಳಿಗೆ ಕೊಟ್ಟೆ. ಅವರು ಎಸೆದರು. ಸಂಘಟಕನ ಶಾಲೆಯ ಉದ್ದನೆಯ ಹುಡುಗಿ ನಿಜವಾಗಿಯೇ ಹಾರಿ ಚೆಂಡನ್ನು ತಟ್ಟಿದಳು. ಸಂಘಟಕ ಗೆರೆಯ ಆಚೆಯಿಂದ, "ಓಡಮ್ಮಿ, ಓಡು!" ಎಂದು ಕಿರುಚಿದ. ಅವನ ಇನ್ನೊಬ್ಬ ಹುಡುಗಿ ಚೆಂಡು ಹಿಡಿದು ಓಡಿದಳು. ಸ್ಕೋರ್ ಬರೆಯುವ ಟೇಬಲ್ಲಿನಲ್ಲಿ ಕೂತಿದ್ದ ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಗಡಿಯಾರ ಒತ್ತಿದರು. ಗುಂಡ್ಲುಪೇಟೆ ಕಡೆಯವರು ಇನ್ನೂ ಕೈಮುಗಿದುಕೊಂಡು ಕ್ಯಾಮೆರಾ ನೋಡುತ್ತಲೇ ಇದ್ದರು. ಚೆಂಡು ಬುಟ್ಟಿಗೆ ಬಿತ್ತು. ಬ್ಯಾಂಡು ಬಡಿಯಿತು. ಅತಿಥಿಗಳು ಮಗುವಿನ ಹಾಗೆ ಚಪ್ಪಾಳೆ ತಟ್ಟಿ, "ನೋಡ್ರಪ್ಪ ನನ್ ಕೈಗುಣ!" ಎಂದರು.

ಸೀಟಿ ನನ್ನ ತುಟಿಯ ನಡುವೆಯೇ ಇತ್ತು. ಒಂದು ಸಲ ಊದಿದ್ದರೆ ಸಾಕಾಗಿತ್ತು. ಇದು ಆಟವಲ್ಲ, ಫೋಟೋ. ಗಡಿಯಾರ ಹಿಂದಕ್ಕೆ ತಿರುಗಿಸಿ, ಚೆಂಡು ಎಡಗಡೆಯ ಗೆರೆಗೆ ತನ್ನಿ ಎನ್ನಬಹುದಿತ್ತು. ಇನ್ನೊಬ್ಬ ರೆಫರಿ, ನನಗಿಂತ ಚಿಕ್ಕವನು, ನನ್ನ ಮುಖವನ್ನೇ ನೋಡುತ್ತಿದ್ದ. ಆದರೆ ಸಾಹೇಬರು ಎಸೆದ ಚೆಂಡು ಚೆಂಡೇ ಅಲ್ಲ ಎಂದು ಅಷ್ಟು ಜನರ ಎದುರಿಗೆ ಹೇಳುವುದು ಹೇಗೆ? ನನ್ನ ಕೈ ತಾನಾಗಿ ಮೇಲೆದ್ದಿತು. ಎರಡು ಬೆರಳು ಕೆಳಕ್ಕೆ ಬಗ್ಗಿಸಿ ಎರಡು ಪಾಯಿಂಟ್ ತೋರಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಆ ಬೇಲಿ ನಾನು. ಥೂ.

ಮೂವತ್ತೊಂದು, ಮೂವತ್ತು. ಉಳಿದ ಸೆಕೆಂಡುಗಳಲ್ಲಿ ಕುಳ್ಳಿ ಚೆಂಡು ತಂದಳು, ಮೂರು ಜನ ಅವಳನ್ನು ಮುತ್ತಿದರು, ಆದರೂ ಎಸೆದಳು. ಅದು ಬಳೆಗೆ ಬಡಿದು ಆಚೆಗೆ ಹಾರಿತು. ಪಂದ್ಯ ಮುಗಿಯಿತು. ಆಮೇಲೆ ಪ್ರಾರ್ಥನೆ ಶುರುವಾಯಿತು. ಮುಗಿದ ಪಂದ್ಯಕ್ಕೆ ಪ್ರಾರ್ಥನೆ! ಸೋತ ಮಕ್ಕಳ ಮೇಡಂ ಮೈಕಿನ ಮುಂದೆ ನಿಂತು, ಸ್ಕೋರ್ ಬೋರ್ಡು ನೋಡುತ್ತ, ಎರಡು ಚರಣ ಹಾಡಿ ಇಳಿದರು. ನನಗೂ ಒಂದು ಶಾಲು ಹೊದಿಸಿದರು. ಹೊದ್ದುಕೊಂಡೆ. ಪೇಪರ್ ತಟ್ಟೆಯಲ್ಲಿ ಕೇಸರಿಬಾತು ಕೊಟ್ಟರು, ಅದನ್ನೂ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸಲೀಸಾಗಿ ಇಳಿಯಿತು. ತುಪ್ಪ ಚೆನ್ನಾಗಿ ಹಾಕಿದ್ದರು.

ಮೇಡಂ ಬಂದು, "ಸಾರ್, ಚೆಂಡು ನಮ್ಮ ಹುಡುಗೀರ್ದಲ್ವಾ?" ಎಂದರು. ನಾನು ಬಾಯಿ ತೆರೆಯುವ ಮುಂಚೆ ಸಂಘಟಕ, "ಮಕ್ಳಾಟ ಬುಡಿ ಮೇಡಂ, ಸೋಲು ಗೆಲುವು ಇದ್ದದ್ದೆಯಾ. ಬಸ್ ಒಂಟೋಯ್ತದೆ, ಒರಡಿ" ಎಂದ. ಅಳುತ್ತಿದ್ದ ಚಿಕ್ಕ ಹುಡುಗಿಯೊಬ್ಬಳನ್ನು ಸಮಾಧಾನ ಮಾಡಲು ಅವರು ಹೋದರು. ತಂಡದ ವಯಸ್ಸಿನ ದಾಖಲೆ ಪತ್ರಗಳನ್ನು ವಾಪಸು ತೆಗೆದುಕೊಳ್ಳಲು ನಾಯಕಿಯನ್ನು ಟೇಬಲ್ಲಿಗೆ ಕಳಿಸಿದರು.

ಕುಳ್ಳಿ ಬಂದಳು. ಅತ್ತಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ, ಮುಖವೆಲ್ಲ ಬೆವರು. ನನ್ನ ಮುಂದೆ ಸ್ಕೋರ್ ಶೀಟ್ ಇತ್ತು, ಸಹಿ ಮಾಡಬೇಕಿತ್ತು. ಆ ಹಾಳೆಯ ಕೆಳಗಡೆ ಒಂದು ಖಾಲಿ ಗೆರೆ ಇರುತ್ತದೆ. ಪಂದ್ಯದ ಬಗ್ಗೆ ತಕರಾರಿದ್ದರೆ ಆ ತಂಡದ ನಾಯಕ ಸಹಿ ಮಾಡುವ ಜಾಗ ಅದು. ಪಂದ್ಯ ಮುಗಿದ ಸ್ವಲ್ಪ ಹೊತ್ತಿನೊಳಗೆ ಮಾಡಬೇಕು. ಮಾಡಿದರೆ ಮೇಲಿನವರು ವಿಚಾರಿಸಬೇಕಾಗುತ್ತದೆ. ಅವಳ ತಕರಾರನ್ನು ಎತ್ತಿ ಹಿಡಿಯುತ್ತಿದ್ದರೋ ಕಸದ ಬುಟ್ಟಿಗೆ ಹಾಕುತ್ತಿದ್ದರೋ ನನಗೆ ತಿಳಿಯದು. ನನ್ನನ್ನಂತೂ ಕರೆದು ಕೇಳುತ್ತಿದ್ದರು.

ಅವಳು ಇಂಗ್ಲಿಷಿನ ಅಕ್ಷರ ಕೂಡಿಸಿಕೊಂಡು ಓದಿದಳು. "ಇಲ್ಲಿ ಕ್ಯಾಪ್ಟನ್ ಸಿಗ್ನೇಚರ್ ಅಂತ ಅದಲ್ಲ ಸಾ. ನಾನ್ ಸೈನ್ ಮಾಡ್ಬೇಕಾ?" ಎಂದು ಪೆನ್ನು ಎತ್ತಿಕೊಂಡೇಬಿಟ್ಟಳು.

"ಬ್ಯಾಡ ಕಣಮ್ಮಿ, ಮಡುಗು" ಎಂದೆ. "ಅದು ಗೆದ್ದೋರು ಮಾಡಾದು."

ಒಂದು ಚೂರೂ ತಡವರಿಸದೆ ಹೇಳಿದೆ. ಅವಳು ಪೆನ್ನಿನ ಮುಚ್ಚಳ ಹಾಕಿ ಎರಡೂ ಕೈಯಲ್ಲಿ ನನಗೆ ಕೊಟ್ಟು, ಪತ್ರಗಳನ್ನು ಎಣಿಸಿಕೊಂಡು ಹೋದಳು. ನಾನು ನನ್ನ ಸಹಿ ಮಾಡಿದೆ.

ಇದಾದ ಮೇಲೆ ನಾನು ಸೀಟಿ ಬಿಸಾಡಿದೆ ಎಂದು ಯಾರಾದರೂ ತಿಳಿದರೆ ಅವರಿಗೆ ನನ್ನ ಪರಿಚಯವಿಲ್ಲ. ಚಂದಕವಾಡಿಯಲ್ಲಿ ಹೋಬಳಿ ಪಂದ್ಯ ನಡೆಸಿಕೊಟ್ಟೆ, ಇನ್ನೂ ನಾಲ್ಕು ಶಾಲು ಬಂದವು. ಎರಡು ವರ್ಷದ ಮೇಲೆ ಮತ್ತೆ ಗುಂಡ್ಲುಪೇಟೆಯ ತಾಲ್ಲೂಕು ಫೈನಲ್ಲಿಗೆ ಹೋದೆ. ಆ ಹಳ್ಳಿಶಾಲೆಯ ಹುಡುಗಿಯರೇ ಗೆದ್ದರು, ಎಂಟು ಪಾಯಿಂಟಿನಿಂದ. ಲೆಕ್ಕದ ಮೇಡಮ್ಮಿಗೆ ವರ್ಗವಾಗಿತ್ತು, ತಂಡ ಮಾತ್ರ ಹಾಗೇ ಉಳಿದಿತ್ತು. ಕೊನೆಯ ಸೀಟಿ ಊದಿ ನಾನು ಟೇಬಲ್ಲಿಗೆ ಬರುವ ಮುಂಚೆಯೇ ಅವರ ಹೊಸ ನಾಯಕಿ ಅಲ್ಲಿಗೆ ಓಡಿಹೋಗಿ, ಸ್ಕೋರ್ ಶೀಟ್ ತನ್ನ ಕಡೆ ತಿರುಗಿಸಿಕೊಂಡು, ಕೆಳಗಿನ ಆ ಗೆರೆಯ ಮೇಲೆ ದುಂಡಗೆ ತನ್ನ ಹೆಸರು ಬರೆದಿದ್ದಳು. ಹಿಂದೆ ತಂಡದವರೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಟೇಬಲ್ಲಿನಲ್ಲಿದ್ದ ಮೇಷ್ಟ್ರು ನಕ್ಕರು. "ಏನಮ್ಮಿ, ಗೆದ್ದ್‌ಬುಟ್ಟು ತಕರಾರಾ?"

"ಗೆದ್ದೋರೇ ಅಲ್ವಾ ಸಾ ಇಲ್ಲಿ ಸೈನ್ ಮಾಡಾದು? ನಮ್ ಅಕ್ಕ ಏಳವ್ಳೆ. ಆವತ್ತು ನಾನು ಎಂಟ್ನೇ ಕ್ಲಾಸು, ಬೆಂಚಲ್ಲಿದ್ದೆ. ಬಸ್ಸಲ್ಲಿ ಅಕ್ಕ ನಮ್ಗೆಲ್ಲ ಏಳುದ್ಲು, ಒಂದಲ್ಲ ಒಂದಿನ ನಮ್ ಸ್ಕೂಲೋರು ಅಲ್ಲಿ ಸೈನ್ ಮಾಡ್ಬೇಕು ಅಂತ." ಅಕ್ಕ ಎಂದರೆ ಕುಳ್ಳಿ. "ಈ ಸಾರೇ ಏಳುದ್ರಂತೆ" ಎಂದು ಅವಳು ನನ್ನತ್ತ ಕೈ ತೋರಿಸಿದಳು.

ಆ ಹಾಳೆ ಹಾಗೆಯೇ ಹೋದರೆ ಗೆದ್ದ ತಂಡ ತನ್ನ ಗೆಲುವಿನ ಮೇಲೆ ತಾನೇ ದೂರು ಕೊಟ್ಟಂತೆ. ಹೊಡೆದುಹಾಕಲೇಬೇಕು, ಹೊಡೆದುಹಾಕಿದ್ದೇಕೆ ಎಂದು ಹೇಳಲೂಬೇಕು. ಹೇಳಿದೆ. ಅದು ತಕರಾರಿದ್ದವರು ಸಹಿ ಮಾಡುವ ಜಾಗ, ಅನ್ಯಾಯ ಆಯಿತು ಅನ್ನಿಸಿದವರು ಮಾಡುವುದು, ಗೆದ್ದವರಲ್ಲ. ನಿಮ್ಮಕ್ಕನಿಗೆ ನಾನು ಸುಳ್ಳು ಹೇಳಿದ್ದೆ. ಮೇಷ್ಟ್ರ ನಗು ನಿಂತಿತು.

ಹುಡುಗಿ ಗೆರೆ ನೋಡಿದಳು, ನನ್ನ ಮುಖ ನೋಡಿದಳು.

"ಅಂಗಾದ್ರೆ ಆವತ್ತು ಅಕ್ಕ ಸೈನ್ ಮಾಡ್ಬೋದಾಗಿತ್ತಾ ಸಾ?"

"ಮಾಡ್ಬೋದಾಗಿತ್ತು."

"ಮಾಡಿದ್ರೆ ಮೈಸೂರ್ಗೆ ಓಗ್ಬೋದಾಗಿತ್ತಾ?"

"ಗೊತ್ತಿಲ್ಲ. ಓಗ್ಬೋದಾಗಿತ್ತೇನೋ."

ಅಕ್ಕ ಈಗ ಏನು ಮಾಡುತ್ತಿದ್ದಾಳೆ ಎಂದು ಕೇಳಿದೆ.

"ಬದನಗುಪ್ಪೆ ಫ್ಯಾಕ್ಟ್ರೀಲಿ ಅವ್ಳೆ. ನಾವ್ ಗೆದ್ರೆ ಸೈನ್ ಮಾಡಿರೋದ್ರ ಫೋಟೋ ತಗ್ದು ಕಳ್ಸು ಅಂದಿದ್ಲು." ಆಮೇಲೆ ಕೇಳಿದಳು, "ಇದ್ನ ನೀವೇ ಏಳ್ತೀರಾ ಸಾ ಅಕ್ಕುಂಗೆ? ಫೋನ್ ನಂಬರ್ ಕೊಡ್ತೀನಿ."

"ಬ್ಯಾಡ" ಎಂದೆ. "ನೀನೇ ಏಳ್ಬುಡು ಕಣಮ್ಮಿ."